ಸಹಾಯ ಬೇಕು: ‘ಕೊರ್ದೋಂ ಸಾನಿತೇರ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮದ ಬಿ.ಎ. ರಾಜ್ಯಶಾಸ್ತ್ರ ವಿದ್ಯಾರ್ಥಿಗಳಿಗಾಗಿ ಬೆಲ್ಜಿಯಂನ ಪಕ್ಷ ವ್ಯವಸ್ಥೆಯ ಬಗ್ಗೆ ಟಿಪ್ಪಣಿ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಅಲ್ಲಿ ಪಕ್ಷಗಳೇ ಡಚ್, ಫ್ರೆಂಚ್ ಎಂದು ಭಾಷೆಯ ಆಧಾರದಲ್ಲಿ ಒಡೆದಿವೆ. 1968ರಲ್ಲಿ, ಡಚ್ ಭಾಷಿಕ ಊರಾದ ಲ್ಯೂವೆನ್‌ನ ವಿಶ್ವವಿದ್ಯಾಲಯದ ಫ್ರೆಂಚ್ ವಿಭಾಗ ಊರು ಬಿಡಬೇಕೆಂಬ ಜಗಳದಲ್ಲಿ ಸರ್ಕಾರವೇ ಬಿತ್ತು, ಕ್ರೈಸ್ತ ಡೆಮಾಕ್ರಟರು ಇಬ್ಭಾಗವಾದರು. ಮುಂದೆ ಉದಾರವಾದಿಗಳು, 1978ರಲ್ಲಿ ಸಮಾಜವಾದಿಗಳು ಅದೇ ದಾರಿ ಹಿಡಿದರು. ಇಷ್ಟನ್ನು ವಿವರಿಸುವುದು ಕಷ್ಟವಾಗಲಿಲ್ಲ. ಭಾಷೆಗಾಗಿ ಬೀದಿಗಿಳಿಯುವುದು ನಮ್ಮ ಮಕ್ಕಳಿಗೆ ಹೊಸದಲ್ಲ.

ತೊಡಕಿರುವುದು ‘ಕೊರ್ದೋಂ ಸಾನಿತೇರ್’ (cordon sanitaire) ಎಂಬ ಫ್ರೆಂಚ್ ಪದದಲ್ಲಿ. ತೀವ್ರ ಬಲಪಂಥೀಯ ಪಕ್ಷದೊಡನೆ ಉಳಿದವರು ಮೈತ್ರಿ ಮಾಡಿಕೊಳ್ಳಬಾರದೆಂಬ ಒಪ್ಪಂದವದು. ಫ್ರೆಂಚ್ ಭಾಷಿಕ ಬೆಲ್ಜಿಯಂನಲ್ಲಿ ಮಾಧ್ಯಮಗಳೂ ಇದನ್ನು ಪಾಲಿಸುತ್ತವೆ. ಅಂಥ ನಾಯಕರಿಗೆ ಟಿ.ವಿ.ಯ ನೇರ ಪ್ರಸಾರದಲ್ಲಿ ಮಾತನಾಡಲು ಅವಕಾಶ ಕೊಡುವುದಿಲ್ಲ. ಪದದ ಮೂಲಾರ್ಥ, ಸಾಂಕ್ರಾಮಿಕ ರೋಗ ಹರಡದಂತೆ ಹಾಕುವ ಕಾವಲು. ‘ಬಹಿಷ್ಕಾರ’ ಎಂದು ಬರೆದು ಹೊಡೆದುಹಾಕಿದೆ. ನಮ್ಮ ಹಳ್ಳಿಗಳಲ್ಲಿ ದಲಿತರಿಗೆ ನೀರು, ದಿನಸಿ ನಿಲ್ಲಿಸಿದ ನೆನಪನ್ನು ಆ ಪದ ಹೊತ್ತಿದೆ. ಪ್ರಜಾಪ್ರಭುತ್ವವನ್ನು ಕಾಯುವ ಕೆಲಸಕ್ಕೆ ಅದನ್ನು ಬಳಸಲು ಮನಸ್ಸು ಒಪ್ಪಲಿಲ್ಲ. ‘ದಿಗ್ಬಂಧನ’ದಲ್ಲಿ ಯುದ್ಧದ ವಾಸನೆಯಿದೆ. ಸದ್ಯಕ್ಕೆ ‘ತಡೆಬೇಲಿ’ ಎಂದು ಇಟ್ಟುಕೊಂಡಿದ್ದೇನೆ, ಸಮಾಧಾನವಿಲ್ಲ.

ಇದಕ್ಕಿಂತ ಒಳ್ಳೆಯ ಪದ ಹೊಳೆದರೆ, ಅಥವಾ ಪತ್ರಿಕೆಗಳಲ್ಲಿ ಬಳಕೆಯಾಗಿರುವುದನ್ನು ನೋಡಿದ್ದರೆ ದಯವಿಟ್ಟು ತಿಳಿಸಿ.

ಬ್ರಸೆಲ್ಸ್‌ನಲ್ಲಿ ನೆಲೆಸಿ ಮತದಾನದ ಹಕ್ಕು ಪಡೆದ ಕನ್ನಡಿಗರು ಇಲ್ಲಿದ್ದರೆ ಇನ್ನೊಂದು ಕೋರಿಕೆ. ಅಲ್ಲಿನ ಪ್ರಾದೇಶಿಕ ಸಂಸತ್ತಿಗೆ ಮತ ಹಾಕುವಾಗ ಯಂತ್ರದ ಪರದೆಯ ಮೇಲೆ ಮೊದಲು ಫ್ರೆಂಚ್ ಅಥವಾ ಡಚ್ ಗುಂಪನ್ನು ಆರಿಸಬೇಕು. ಆ ಅನುಭವವನ್ನು ನಾಲ್ಕು ಸಾಲು ಬರೆದು ಕಳುಹಿಸಿದರೆ ಮಕ್ಕಳಿಗೆ ಓದಿ ಹೇಳುತ್ತೇನೆ.