ಈಸ್ಟರ್ ಊಟಕ್ಕೆ ಸನ್ನಾ, ಹಂದಿ ಬಫಾತ್: ಯಾವಾಗ ಏನು ಮಾಡಿಡಲಿ?

ಬೆಳ್ಮಣ್ಣು ಹುಡುಗಿ, ಬೆಂಗಳೂರು:

ಈ ಸಲ ಈಸ್ಟರ್ ಊಟ ನಮ್ಮ ಮನೆಯಲ್ಲಿ. ಏಪ್ರಿಲ್ 5ರ ಮಧ್ಯಾಹ್ನ ಹದಿನೈದು ಜನ ಬರುತ್ತಾರೆ. ಊರಲ್ಲಿ ಅಮ್ಮನೇ ಎಲ್ಲಾ ನೋಡಿಕೊಳ್ಳುತ್ತಿದ್ದರು, ನನ್ನದು ಕಾಯಿ ತುರಿಯುವ ಕೆಲಸ ಮಾತ್ರ. ಶನಿವಾರ ಚರ್ಚ್‌ನಲ್ಲಿ ರಾತ್ರಿಯ ಪೂಜೆ ಮುಗಿಸಿ ಮನೆ ಸೇರುವಾಗ ಹನ್ನೆರಡು ದಾಟುತ್ತದೆ. ಹಂದಿ ಬಫಾತ್ (ಮಸಾಲೆ, ಹುಳಿ ಹಾಕಿದ ಹಂದಿ ಮಾಂಸದ ಪದಾರ್ಥ), ಸನ್ನಾ (ಇಡ್ಲಿಯ ಹಾಗೆ ಹಬೆಯಲ್ಲಿ ಬೇಯಿಸುವುದು), ಒಂದು ಕೋಳಿ ಪದಾರ್ಥ, ಸಿಹಿಗೆ ವೊರ್ನ್ (ಬೇಳೆ, ಬೆಲ್ಲ, ತೆಂಗಿನ ಹಾಲಿನ ಪಾಯಸ) ಅಂದುಕೊಂಡಿದ್ದೇನೆ. ಎದುರು ಮನೆಯ ನಾಲ್ಕು ಜನ ಮಾಂಸ ತಿನ್ನುವುದಿಲ್ಲ, ಅವರನ್ನೂ ಕರೆದಿದ್ದೇನೆ. ಸನ್ನಾಕ್ಕೆ ಇಲ್ಲಿ ಕಳ್ಳು ಸಿಗುತ್ತಿಲ್ಲ. ಯಾವುದನ್ನು ಮೊದಲೇ ಮಾಡಿಡಬಹುದು?

ಬೆಂದೂರಿನ ಅಕ್ಕ:

ಬಫಾತ್ ಶನಿವಾರ ಬೆಳಿಗ್ಗೆಯೇ ಮಾಡಿಬಿಡು. ಅದು ಮರುದಿನಕ್ಕೇ ರುಚಿ. ಎರಡೂವರೆ ಕಿಲೋ ಸಾಕು. ಚರ್ಮ, ಕೊಬ್ಬು ಇರುವ ಮಾಂಸವನ್ನೇ ಕೇಳು. ಬರೀ ಕೆಂಪು ಮಾಂಸ ತಂದರೆ ಹಬ್ಬದ ಬಫಾತ್ ಆಗುವುದಿಲ್ಲ. ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಸೀಳಿದ ಹಸಿಮೆಣಸು, ಬಫಾತ್ ಪುಡಿ, ವಿನೆಗರ್ ಎಲ್ಲಾ ಕೈಯಲ್ಲೇ ಕಲಸಿ ಸಣ್ಣ ಉರಿಯಲ್ಲಿ ಇಡು. ಎಣ್ಣೆ ಬೇಡ, ನೀರೂ ಬೇಡ. ಅದೇ ನೀರು ಬಿಡುತ್ತದೆ, ಕೊಬ್ಬು ಕರಗಿ ಅಂಚಿನಲ್ಲಿ ಕೆಂಪಗೆ ನಿಲ್ಲುತ್ತದೆ.

ಒಂದು ಮಾತು. ಶನಿವಾರ ಇನ್ನೂ ಈಸ್ಟರ್‌ಗೆ ಮುಂಚಿನ ಉಪವಾಸದ ದಿನ, ರಾತ್ರಿ ಪೂಜೆಯ ತನಕ ನಮ್ಮ ಮನೆಯಲ್ಲಿ ಯಾರೂ ಮಾಂಸ ಬಾಯಿಗೆ ಇಡುವುದಿಲ್ಲ. ಹಾಗಾಗಿ ಉಪ್ಪು ನೋಡುವಂತಿಲ್ಲ. ಕಿಲೋಗೆ ಎರಡು ಟೀ ಚಮಚ ಅಳೆದು ಹಾಕು. ಕಡಿಮೆ ಆದರೆ ಭಾನುವಾರ ಸೇರಿಸಬಹುದು, ಜಾಸ್ತಿ ಆದರೆ ತೆಗೆಯುವುದು ಕಷ್ಟ ಅಲ್ವಾ?

ಸನ್ನಾಕ್ಕೆ ಎರಡು ಪಾಲು ಕುಚ್ಚಲಕ್ಕಿ, ಒಂದು ಪಾಲು ಬೆಳ್ತಿಗೆ (ಬಿಳಿ) ಅಕ್ಕಿ, ಒಂದು ಪಾಲು ಉದ್ದು. ಶನಿವಾರ ಸಂಜೆ ರುಬ್ಬಿ ಫ್ರಿಜ್‌ನಲ್ಲಿಡು. ಕಳ್ಳಿನ ಬದಲು ಯೀಸ್ಟ್ ಸಾಕು, ಆದರೆ ಆಗ ಹಾಕಬೇಡ. ರಾತ್ರಿಯಿಡೀ ಉಬ್ಬಿ ಹುಳಿಯಾಗುತ್ತದೆ. ಭಾನುವಾರ ಬೆಳಿಗ್ಗೆ ಉಗುರುಬೆಚ್ಚಗಿನ ನೀರಲ್ಲಿ ಯೀಸ್ಟ್, ಸಕ್ಕರೆ ಕಲಸಿ ಸೇರಿಸು. ಹಿಟ್ಟಿನ ತಣ್ಪು ಬಿಟ್ಟ ಮೇಲೆ ಒಂದೆರಡು ಗಂಟೆಗೆ ಬರುತ್ತದೆ. ವಾಟಿಗೆ (ಸಣ್ಣ ಬಟ್ಟಲಿಗೆ) ಅರ್ಧ ಮಾತ್ರ ಹಿಟ್ಟು ಹಾಕು. ತೊಂದೊರ್ (ಸನ್ನಾ ಬೇಯಿಸುವ ಹಬೆ ಪಾತ್ರೆ) ಇಲ್ಲದಿದ್ದರೆ ಇಡ್ಲಿ ಪಾತ್ರೆ ಸಾಕು.

ಎದುರು ಮನೆಯವರಿಗೆ ತೊಂಡೆಕಾಯಿ, ಹಸಿ ಗೇರುಬೀಜದ ಪಲ್ಯ ಮಾಡು. ಈಗ ಅದರದ್ದೇ ಕಾಲ, ಊರಿಂದ ಬರುವವರ ಹತ್ತಿರ ತರಿಸು. ಮಾಂಸದ ಸೌಟು ಸೋಕದ ಹಾಗೆ ಬೇರೆ ಪಾತ್ರೆಯಲ್ಲಿ, ಎಲ್ಲಕ್ಕಿಂತ ಮೊದಲು. ಸನ್ನಾ, ವೊರ್ನ್ ಅವರಿಗೂ ಆಗುತ್ತದೆ. ಅವರು ಸುಮ್ನೆ ಅನ್ನ ಮೊಸರು ತಿಂದು ಎದ್ದರೆ ಕರೆದವರಿಗೆ ಬೇಸರ.

ವೊರ್ನ್‌ಗೆ ಬೇಳೆ, ಬೆಲ್ಲ ಶನಿವಾರ ಬೇಯಿಸಿಡಬಹುದು. ತೆಂಗಿನ ದಪ್ಪ ಹಾಲು ಭಾನುವಾರ ಹಾಕು, ಹಾಕಿದ ಮೇಲೆ ಕುದಿಸಬೇಡ, ಒಡೆಯುತ್ತದೆ.

ಕುವೈತ್‌ನಿಂದ ಒಬ್ಬ:

ಅಕ್ಕ ಹೇಳಿದ್ದು ಓದಿಯೇ ಹಸಿವಾಯಿತು. ಇಲ್ಲಿ ಹಂದಿ ಮಾಂಸ ಸಿಗುವುದಿಲ್ಲ, ಭಾನುವಾರ ಆಫೀಸೂ ಇರುತ್ತದೆ. ಹಾಗಾಗಿ ನಮ್ಮ ಹಬ್ಬದ ಊಟ ಸಂಜೆಗೆ. ಬಫಾತ್ ಪುಡಿಯಲ್ಲೇ ಕೋಳಿ ಮಾಡುತ್ತೇವೆ. ಕೋಳಿಗೆ ಕೊಬ್ಬು ಕಡಿಮೆ, ಸ್ವಲ್ಪ ಎಣ್ಣೆ ಬೇಕೇ ಬೇಕು. ನಿಮ್ಮಲ್ಲಿ ಹಂದಿ ಇದೆಯಲ್ಲ, ಕೋಳಿಗೂ ಅದೇ ಮಸಾಲೆ ಬೇಡ. ತೆಂಗಿನಕಾಯಿ ಹುರಿದು ಸುಕ್ಕ (ಸಾರಿಲ್ಲದ ಒಣ ಪದಾರ್ಥ) ಮಾಡಿ, ಎರಡರ ರುಚಿ ಬೇರೆ ಬೇರೆ ಇರಲಿ.

ಬೆಳ್ಮಣ್ಣು ಹುಡುಗಿ:

ಸುಕ್ಕ ಒಳ್ಳೆಯದಾಯಿತು, ಅದನ್ನೇ ಮಾಡುತ್ತೇನೆ. ಅಕ್ಕಾ, ನಮ್ಮ ಅಮ್ಮ ಬಫಾತ್‌ಗೆ ಹುಣಸೆಹುಳಿ ಹಾಕುತ್ತಿದ್ದ ನೆನಪು. ವಿನೆಗರೇ ಆಗಬೇಕಾ?

ಬೆಂದೂರಿನ ಅಕ್ಕ:

ಎರಡೂ ಉಂಟು, ಮನೆಗೊಂದು ಕ್ರಮ. ಅಮ್ಮನ ಕೈರುಚಿ ಬೇಕಿದ್ದರೆ ಹುಣಸೆಯನ್ನೇ ಹಾಕು, ಮಾಡಿದ್ದು ಆರಿದ ಕೂಡಲೇ ಫ್ರಿಜ್‌ನಲ್ಲಿಡು. ಭಾನುವಾರ ಬಿಸಿ ಮಾಡುವ ಮೊದಲು ಮೇಲೆ ಗಟ್ಟಿಯಾದ ಕೊಬ್ಬು ಜಾಸ್ತಿ ಕಂಡರೆ ಸ್ವಲ್ಪ ತೆಗೆ. ಪೂರಾ ತೆಗೆಯಬೇಡ ಮಾರಾಯ್ತಿ, ಸನ್ನಾ ಅದ್ದಿ ತಿನ್ನಲು ಅದು ಬೇಕು.