ಬೈಕಿನ ಸ್ಪ್ರಿಂಗ್ "ಗಟ್ಟಿ" ಅಂದರೆ ಯಾವ ಗಟ್ಟಿ?

ಒಂದು ಪದದ ಬಗ್ಗೆ ಕೇಳಬೇಕಿತ್ತು. ದಿನಾ ಬಳಸುವ ಪದವೇ: ಗಟ್ಟಿ. ಕೇಳುವ ಸಂದರ್ಭ ಮಾತ್ರ ಸ್ವಲ್ಪ ಬೇರೆ, ಬೈಕಿನ ಸಸ್ಪೆನ್ಷನ್.

ನನ್ನ ತೂಕ 104 ಕೆಜಿ. ಬೈಕಿಗೆ ಸ್ಪ್ರಿಂಗ್ ಆರಿಸಿದವರಿಗೆ ನನ್ನಂಥವರ ನೆನಪಾಗಿರಲಿಕ್ಕಿಲ್ಲ. ಹಂಪ್ ಇಳಿದರೆ ಹಿಂದಿನ ಶಾಕ್ ಅಬ್ಸಾರ್ಬರ್ ಟಕ್ ಅಂತ ತಳಕ್ಕೆ ಬಡಿಯುತ್ತದೆ. ಹೊಸ ಶಾಕ್ ಹಾಕಿಸುವಷ್ಟು ದುಡ್ಡಿಲ್ಲ, ಕಡಿಮೆ ಖರ್ಚಲ್ಲಿ ಏನಾದರೂ ಮಾಡಿ ಅಂತ ಮೆಕ್ಯಾನಿಕ್‌ಗೆ ಹೇಳಿದೆ. ಅವರು ಸಿ-ಸ್ಪ್ಯಾನರ್ ಹಿಡಿದು ಸ್ಪ್ರಿಂಗ್ ಬುಡದ ಕಾಲರನ್ನು ಕೊನೆಯ ಮೆಟ್ಟಿಲಿಗೆ ತಿರುಗಿಸಿ, "ಗಟ್ಟಿ ಮಾಡಿದೀನಿ ಸಾರ್" ಅಂದರು. ಮುಂದಿನ ಚಕ್ರ ಹಿಡಿದಿರುವ ಜೋಡಿ ಕೊಳವೆಗೆ, ಅಂದರೆ ಫೋರ್ಕಿಗೆ, "ಗಟ್ಟಿ ಆಯಿಲ್ ಹಾಕಿದೀನಿ" ಅಂದರು. ನಾನು ಹೊರಡುವಾಗ, "ಇಷ್ಟಕ್ಕೂ ಸರಿ ಹೋಗ್ಲಿಲ್ಲ ಅಂದ್ರೆ ಗಟ್ಟಿ ಸ್ಪ್ರಿಂಗೇ ಹಾಕ್ಬೇಕು" ಅಂತ ಸೇರಿಸಿದರು.

ಮೂರು ಸಲ ಗಟ್ಟಿ. ಮೂರೂ ಬೇರೆ ಬೇರೆ ಕೆಲಸ.

ಕಾಲರ್ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿ ಆಗುವುದೇ ಇಲ್ಲ. ಮೊದಲೇ ಸ್ವಲ್ಪ ಒತ್ತಿಕೊಂಡು ಕೂರುತ್ತದೆ, ಅಷ್ಟೇ. ಬೈಕ್ ಮೇಲೆದ್ದು ನಿಲ್ಲುತ್ತದೆ, ಒಳಗಿರುವುದು ಅದೇ ಸ್ಪ್ರಿಂಗ್. ತಂಬೂರಿಯ ತಂತಿ ಬಿಗಿ ಮಾಡಿದರೆ ತಂತಿ ದಪ್ಪ ಆಗುತ್ತದಾ? ಹಾಗೆ. ಇದನ್ನು ಪ್ರಿಲೋಡ್ ಅಂತಾರೆ. ಅಕ್ಷರಕ್ಕೆ ಅಕ್ಷರ ಇಟ್ಟು "ಮುನ್‌ಹೊರೆ" ಅಂತ ಮಾಡಿದರೆ ಪೆಟ್ರೋಲ್ ಟ್ಯಾಂಕಿನ ಮೇಲೆ ಮೂಟೆ ಇಟ್ಟ ಹಾಗೆ ಕೇಳುತ್ತದೆ. ನನಗಂತೂ "ಬಿಗಿ" ಸಾಕು ಅನಿಸುತ್ತದೆ.

ಸ್ಪ್ರಿಂಗಿನ ಸ್ವಂತ ಗುಣ ಬೇರೆ. ಒಂದು ಮಿಲಿಮೀಟರ್ ಒತ್ತಲು ಎಷ್ಟು ಬಲ ಬೇಕು ಅನ್ನುವುದು ಅದರ ಲೆಕ್ಕ. ಅದು ತಂತಿಯ ದಪ್ಪ, ಸುತ್ತಿನ ಅಗಲ, ಸುತ್ತುಗಳ ಸಂಖ್ಯೆಯ ಮೇಲೆ ನಿಂತಿದೆ. ಸ್ಪ್ಯಾನರಿಗೆ ಬಗ್ಗುವುದಿಲ್ಲ, ಸ್ಪ್ರಿಂಗನ್ನೇ ಬದಲಾಯಿಸಬೇಕು. ಇದಕ್ಕೆ "ಗಡಸು" ಹೇಗಿರುತ್ತದೆ? ಗಡಸು ದನಿ, ಗಡಸು ನೀರು ಅಂತೀವಲ್ಲ, ಹುಟ್ಟಿನಿಂದಲೇ ಬಂದ ಗುಣ ಅನ್ನುವ ಛಾಯೆ ಅದಕ್ಕಿದೆ. ಲೋಹದ ಪಾಠದಲ್ಲಿ ಗಡಸುತನಕ್ಕೆ ಬೇರೆ ಅರ್ಥ ಇದೆ, ಗೊತ್ತು. ಗ್ಯಾರೇಜಿನಲ್ಲಿ ಆ ಗೊಂದಲ ಬರಲಾರದು.

ಇನ್ನು ನನಗೆ ನಿಜಕ್ಕೂ ಖುಷಿ ಕೊಟ್ಟ ಪದ: ಜಗ್ಗು. ಬೈಕ್ ತನ್ನ ಭಾರಕ್ಕೆ, ಆಮೇಲೆ ನಮ್ಮ ಭಾರಕ್ಕೆ ಎಷ್ಟು ಕೆಳಗಿಳಿಯುತ್ತದೆ ಅನ್ನುವುದನ್ನು ಸ್ಯಾಗ್ ಅಂತಾರೆ. "ಕುಸಿತ" ಅಂದರೆ ಗೋಡೆ ಬಿದ್ದ ಹಾಗೆ. "ಇಳಿತ" ಅಂದರೆ ಬೆಲೆ ನೆನಪಾಗುತ್ತದೆ. ಭಾರಕ್ಕೆ ತೊಲೆ ಜಗ್ಗಿತು ಅಂತೀವಿ, ಬೆದರಿಕೆಗೆ ಜಗ್ಗದವನು ಅಂತೀವಿ. ಪದ ನಮ್ಮಲ್ಲೇ ಇದೆ, ಸುಮ್ನೆ ಹೊರಗೆ ಹುಡುಕುತ್ತಿದ್ದೆ.

ಫೋರ್ಕ್ ಕೊಳವೆಗೆ ಒಂದು ಪ್ಲಾಸ್ಟಿಕ್ ಟೈ ಕಟ್ಟಿ, ಸೀಲಿನ ತನಕ ಇಳಿಸಿ, ನಿಧಾನವಾಗಿ ಬೈಕ್ ಮೇಲೆ ಕೂತು ಇಳಿದು ನೋಡಿದೆ. ಒಟ್ಟು ಓಟ, ಅಂದರೆ ಫೋರ್ಕ್ ಪೂರ್ತಿ ಒತ್ತಿಕೊಳ್ಳಬಲ್ಲ ದೂರ, 130 ಮಿಲಿಮೀಟರ್. ಜಗ್ಗು 52. ಅಂದರೆ ಹೊರಡುವ ಮೊದಲೇ ಶೇಕಡ 40 ಖರ್ಚು! ರಸ್ತೆ ಬೈಕಿಗೆ ಸುಮಾರು ಮೂರನೇ ಒಂದು ಪಾಲು ಸಾಕು. ಪಿವಿಸಿ ಪೈಪಿನ 10 ಮಿಲಿಮೀಟರ್ ತುಂಡೊಂದನ್ನು ಸ್ಪ್ರಿಂಗ್ ತಲೆ ಮೇಲೆ ಕೂರಿಸಿದೆವು. ಜಗ್ಗು 42ಕ್ಕೆ ಬಂತು. ಇದಕ್ಕಿಂತ ಅಗ್ಗದ ರಿಪೇರಿ ಇಲ್ಲ.

ಹಿಂದೆ ಮಾತ್ರ ಕಥೆ ಬೇರೆ. ಕಾಲರ್ ಕೊನೆಯ ಮೆಟ್ಟಿಲಿನಲ್ಲಿದ್ದಾಗ ನಾನು ಕೂತರೆ ಜಗ್ಗು ಸರಿಯಾಗೇ ಇದೆ. ಬೈಕ್ ಒಂದೇ ನಿಂತಾಗ ಒಂದು ಮಿಲಿಮೀಟರೂ ಜಗ್ಗುವುದಿಲ್ಲ. ಇದು ಸ್ಪ್ರಿಂಗ್ ಮೆತ್ತಗಿದೆ ಅನ್ನುವುದರ ಗುರುತು. ಮೆತ್ತಗಿರುವುದನ್ನು ಪೂರ್ತಿ ಬಿಗಿ ಮಾಡಿ ಎಬ್ಬಿಸಿ ನಿಲ್ಲಿಸಿದ್ದೇವೆ. ಮೆಕ್ಯಾನಿಕ್ ಗಟ್ಟಿ ಅಂದದ್ದು ಈ ಮೆತ್ತನೆ ಸ್ಪ್ರಿಂಗನ್ನೇ, ನೋಡಿ! ಅವರ ತಪ್ಪಲ್ಲ, ಒಂದೇ ಪದಕ್ಕೆ ಇಷ್ಟೆಲ್ಲ ಹೊರಿಸಿದರೆ ಹೀಗೇ ಆಗುವುದು.

ಇನ್ನುಳಿದ ಗಟ್ಟಿ, ಆಯಿಲಿನದು. ಗಟ್ಟಿ ಮೊಸರಿನ ಗಟ್ಟಿ ಅದು. 10ಡಬ್ಲ್ಯು ಆಯಿಲ್ ತೆಗೆದು ಅದಕ್ಕಿಂತ ಮಂದವಾದ 15ಡಬ್ಲ್ಯು ಹಾಕಿದರೆ ಸಣ್ಣ ತೂತುಗಳಲ್ಲಿ ಎಣ್ಣೆ ನಿಧಾನವಾಗಿ ನುಸುಳುತ್ತದೆ, ಕುಣಿತ ಕಡಿಮೆಯಾಗುತ್ತದೆ. ಆದರೆ ಇದು ಚಲಿಸುವಾಗ ಮಾತ್ರ. ನಿಂತ ಬೈಕಿನ ಜಗ್ಗು ಎಳ್ಳಷ್ಟೂ ಬದಲಾಗದು. "ಬೈಕ್ ಜಗ್ಗುತ್ತೆ" ಅಂತ ಹೋದವನಿಗೆ "ಗಟ್ಟಿ ಆಯಿಲ್" ಹಾಕಿದರೆ ದುಡ್ಡು ದಂಡ.

ನಾನು ಸಿಕ್ಕಿಹಾಕಿಕೊಂಡಿರುವುದು ಇಲ್ಲೇ. ಎಣ್ಣೆ ಮಾಡುವ ಈ ಕೆಲಸಕ್ಕೆ, ಅಂದರೆ ಡ್ಯಾಂಪಿಂಗಿಗೆ, ಏನನ್ನೋಣ? ಭೌತಶಾಸ್ತ್ರದ "ಅವಮಂದನ" ಗ್ಯಾರೇಜಿನ ಬಾಗಿಲು ದಾಟುವುದಿಲ್ಲ. "ತಡೆ" ಅಂದರೆ ಪೂರ್ತಿ ನಿಲ್ಲಿಸಿದ ಹಾಗಾಯಿತು. "ತಣಿಸು" ಚೆನ್ನಾಗಿದೆ, ಕುಣಿತ ತಣಿಸುವುದು. ಆದರೆ ಅದರಲ್ಲೂ ಎರಡು ಬಗೆ ಇದೆ ಅಲ್ವಾ: ಸ್ಪ್ರಿಂಗ್ ಒತ್ತಿಕೊಳ್ಳುವಾಗ ಒಂದು, ವಾಪಸ್ ಪುಟಿಯುವಾಗ ಇನ್ನೊಂದು. ಭಾರದ ಸವಾರರಿಗೆ ಎರಡನೆಯದೇ ಜಾಸ್ತಿ ಬೇಕು. ಗಡಸು ಸ್ಪ್ರಿಂಗ್ ಹಾಕಿ ಅದನ್ನು ಮರೆತರೆ ಸೀಟು ಒದೆಯುತ್ತದೆ.

ಈ ಎರಡಕ್ಕೂ ನಿಮ್ಮ ಕಡೆಯ ಮೆಕ್ಯಾನಿಕ್‌ಗಳ ಬಾಯಲ್ಲಿ ಬೇರೆ ಬೇರೆ ಮಾತು ಕೇಳಿದ್ದೀರಾ? ನಿಘಂಟಿನದು ಬೇಡ, ಬಾಯಲ್ಲಿರುವುದೇ ಬೇಕು. ಮುಂದಿನ ವಾರ ಹಿಂದಿನ ಸ್ಪ್ರಿಂಗ್ ಬದಲಾಯಿಸಲು ಹೋಗುತ್ತಿದ್ದೇನೆ, ಈ ಸಲ "ಗಟ್ಟಿ" ಅನ್ನದೆ ಹೇಳಿ ನೋಡಬೇಕು.