ಕಡಲ ಪಕ್ಕ ಹತ್ತಡಿ ಲೋಹಶಿಲ್ಪ: ಕಾರ್ಟೆನ್ ಬಾಳುತ್ತಾ? ಕರಾರಲ್ಲಿ ಏನಿರಬೇಕು?

ಕುಲುಮೆ:
ಮಲ್ಪೆ ಕಡೆ, ಸಮುದ್ರಕ್ಕೆ ಇನ್ನೂರು ಮೀಟರ್ ದೂರದ ರೆಸಾರ್ಟಿಗೆ ಹತ್ತಡಿ ಎತ್ತರದ ಬೆಳ್ಳಕ್ಕಿ ಬೇಕಂತೆ. ಗಿರಾಕಿ ತೋರಿಸುವ ಫೋಟೊಗಳೆಲ್ಲ ತುಕ್ಕುಬಣ್ಣದ ಕಾರ್ಟೆನ್ ಸ್ಟೀಲಿನವು. ಗಾಳಿಗೆ ಎದುರಾಗುವ ಮೈ ಸುಮಾರು 2 ಚದರ ಮೀಟರ್, ತೂಕ 150 ಕೆ.ಜಿ. ಕೆಲಸ ಬೆಂಗಳೂರಿನ ಶೆಡ್ಡಲ್ಲೇ. ಯಾವ ಲೋಹ, ಎಷ್ಟು ಪಾಯ, ದುಡ್ಡು ಯಾವ ಹಂತದಲ್ಲಿ ಎಷ್ಟು ತಗೋಬೇಕು?

ಬೆಸುಗೆ:
ಬೆಳ್ಳಕ್ಕಿಗೆ ತುಕ್ಕುಬಣ್ಣ ಯಾಕೋ! ಅದಿರಲಿ, ಅಲ್ಲಿ ಕಾರ್ಟೆನ್ ಬೇಡವೇ ಬೇಡ. ಅದರ ತುಕ್ಕು ಗಟ್ಟಿ ಪದರವಾಗಿ ಕೂರಬೇಕಾದರೆ ಮೈ ನೆನೆದು ಒಣಗುತ್ತಾ ಇರಬೇಕು. ಕರಾವಳಿಯ ಮಳೆಗಾಲದಲ್ಲಿ ಒಣಗೋಕೆ ಪುರುಸೊತ್ತೇ ಸಿಗಲ್ಲ, ಮೇಲೆ ಉಪ್ಪುಗಾಳಿ. ಪದರ ಕೂರದೆ ಹಕ್ಕಳೆ ಏಳುತ್ತೆ, ಕೆಂಪು ನೀರು ಇಳಿದು ಕೆಳಗಿನ ಗ್ರಾನೈಟ್ ಹಾಳಾಗುತ್ತೆ.

ಸ್ಟೇನ್‌ಲೆಸ್ ಸ್ಟೀಲಿನ (ಎಸ್ಸೆಸ್) 304 ದರ್ಜೆ ಕೂಡ ಅಲ್ಲಿ ಕಂದುಕಲೆ ಹಿಡಿಯುತ್ತೆ. 316ಎಲ್ ತಗೊಳ್ಳಿ, ಅದರಲ್ಲಿರುವ 2–3% ಮಾಲಿಬ್ಡಿನಮ್ ಉಪ್ಪನ್ನು ತಡೆಯುತ್ತೆ. 3 ಎಂಎಂ ಶೀಟು ಚದರ ಮೀಟರಿಗೆ ಸುಮಾರು 24 ಕೆ.ಜಿ. ಬರುತ್ತೆ, ನಿಮ್ಮ 150 ಕೆ.ಜಿ. ಅಂದಾಜನ್ನು ಇನ್ನೊಮ್ಮೆ ನೋಡಿ. ಫಿನಿಶ್ ನಯವಾದಷ್ಟೂ ಒಳ್ಳೆಯದು, ಒರಟು ಗೀರುಗಳಲ್ಲಿ ಉಪ್ಪು ಕೂರುತ್ತೆ.

316 ಹಾಕಿಯೂ ತುಕ್ಕು ಚುಕ್ಕೆ ಬಂತು ಅಂದರೆ ಮೊದಲು ಶೆಡ್ಡನ್ನೇ ಅನುಮಾನಿಸಿ: ಮಾಮೂಲಿ ಉಕ್ಕು, ಅಂದರೆ ಎಂಎಸ್‌ಗೆ ಬಳಸಿದ ಗ್ರೈಂಡಿಂಗ್ ಡಿಸ್ಕ್, ಕಬ್ಬಿಣದ ವೈರ್ ಬ್ರಷ್, ಪಕ್ಕದ ಕಟಿಂಗಿನ ಕಿಡಿ. ಬೆಸುಗೆಯ ನೀಲಿ ಗುರುತನ್ನು ಪಿಕ್ಲಿಂಗ್ ಪೇಸ್ಟ್ ಹಚ್ಚಿ ತೆಗೆದು ಚೆನ್ನಾಗಿ ತೊಳೆಯಲೇಬೇಕು. ಅದರಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಇರುತ್ತೆ. ಗ್ಲೌಸ್, ಮುಖಕ್ಕೆ ಶೀಲ್ಡ್, ಆಸಿಡ್ ತಾಗಿದರೆ ಹಚ್ಚೋಕೆ ಕೈಗೆಟುಕುವಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಇಲ್ಲದೆ ಡಬ್ಬಿ ತೆರೀಬೇಡಿ. ಟೊಳ್ಳು ಭಾಗಗಳ ತೀರಾ ತಗ್ಗಿನಲ್ಲಿ 8–10 ಎಂಎಂ ತೂತು ಬಿಡಿ, ಒಳಗೆ ನೀರು ನಿಲ್ಲಬಾರದು.

ಬಜೆಟ್ ಸಾಲದಿದ್ದರೆ ಎಂಎಸ್ ಮಾಡಿ ಹಾಟ್ ಡಿಪ್ ಗ್ಯಾಲ್ವನೈಸಿಂಗ್ (ಕರಗಿದ ಸತುವಿನಲ್ಲಿ ಅದ್ದೋದು), ಮೇಲೆ ಎಪಾಕ್ಸಿ ಪ್ರೈಮರ್, ಪಿಯು (ಪಾಲಿಯುರೆಥೇನ್) ಪೇಂಟ್. ಇಲ್ಲಿ ಗಾಳಿ ಆಡುವ ತೂತುಗಳನ್ನು ಅದ್ದುವ ಮೊದಲೇ ಕೊರೆದಿರಬೇಕು. ಬಾಯಿಮುಚ್ಚಿದ ಪೈಪು 450 ಡಿಗ್ರಿಯ ಸತುವಿನಲ್ಲಿ ಸಿಡಿಯುತ್ತೆ.

ಪಾಯದವ:
ಗಾಳಿಹೊರೆಯ ಲೆಕ್ಕಕ್ಕಿರುವ ಭಾರತೀಯ ಮಾನದಂಡ ಐಎಸ್ 875 ಭಾಗ 3ರಲ್ಲಿ ಮಂಗಳೂರಿಗೆ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಬೆಂಗಳೂರಿಗೆ 33. 39ರ ಲೆಕ್ಕದಲ್ಲಿ ಚದರ ಮೀಟರಿಗೆ ಸುಮಾರು 913 ನ್ಯೂಟನ್ ಒತ್ತಡ. ನಿಮ್ಮ 2 ಚದರ ಮೀಟರಿಗೆ ಆಕಾರದ ಗುಣಾಂಕ 1.3 ಹಿಡಿದರೆ ಹತ್ತಿರಹತ್ತಿರ 240 ಕೆ.ಜಿ.ಯಷ್ಟು ತಳ್ಳು. 1×1 ಮೀಟರ್ ಅಗಲ, 0.6 ಮೀಟರ್ ಆಳದ ಕಾಂಕ್ರೀಟು 1,440 ಕೆ.ಜಿ. ತೂಗುತ್ತೆ, ಮಗುಚದಂತೆ ಸುಮಾರು ಒಂದೂವರೆ ಪಟ್ಟು ಭದ್ರತೆ. ರೆಕ್ಕೆ ಬಿಚ್ಚಿದ ಹಕ್ಕಿಯಾದರೆ ಇದು ಸಾಲದು. ನೆಲವೂ ಮರಳು, ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಇಲ್ಲದೆ ಪಾಯ ತೋಡಬೇಡಿ.

ಬೇಸ್ ಪ್ಲೇಟಿನ ತೂತುಗಳ ಟೆಂಪ್ಲೇಟನ್ನು ಮೊದಲೇ ಕಳಿಸಿ, ನಾಲ್ಕು ಎಂ20 ಆಂಕರ್ ಬೋಲ್ಟ್ ಅದರ ಪ್ರಕಾರವೇ ಕೂರಲಿ. ಬೋಲ್ಟೂ 316 ಆಗಿರಲಿ. ಸತು ಲೇಪಿಸಿದ ಜಿಐ ಬೋಲ್ಟ್ ಎಸ್ಸೆಸ್‌ಗೆ ತಾಗಿದರೆ ಸತು ಬೇಗ ತಿಂದುಹೋಗುತ್ತೆ. ಎಸ್ಸೆಸ್ ನಟ್ಟಿಗೆ ಆಂಟಿ-ಸೀಜ್ ಪೇಸ್ಟ್ ಹಚ್ಚಿ, ಇಲ್ಲದಿದ್ದರೆ ಅರ್ಧದಲ್ಲೇ ಕಚ್ಚಿಕೊಂಡು ನಿಲ್ಲುತ್ತೆ.

ಮಾರಾಟದ ಕಡೆಯವಳು:
40% ಮುಂಗಡ, ಶೆಡ್ಡಲ್ಲಿ ನೋಡಿ ಒಪ್ಪಿದ ಮೇಲೆ 40%, ನಿಲ್ಲಿಸಿದ ದಿನ 20%. ಎರಡನೇ ಕಂತು ಬಾರದೆ ಲಾರಿ ಹತ್ತಿಸಬೇಡಿ. ಪಾಯ, ಕ್ರೇನ್, ಸಾಗಣೆ ವಿಮೆ ಯಾರ ಖರ್ಚು ಅಂತ ಕೊಟೇಶನ್ನಲ್ಲೇ ಬರೀರಿ. ಮಳೆಗಾಲದಲ್ಲಿ ಶಿರಾಡಿ ಘಾಟಿ ಗುಡ್ಡ ಕುಸಿದು ಬಂದ್ ಆಗುವುದುಂಟು, ಡೆಲಿವರಿ ದೀಪಾವಳಿ ನಂತರಕ್ಕೆ ಇಟ್ಟುಕೊಳ್ಳಿ.

ಖಾಸಗಿಯವರು ದುಡ್ಡು ಕೊಟ್ಟು ಮಾಡಿಸಿದರೂ, ಬರೆದುಕೊಡದ ಹೊರತು ಶಿಲ್ಪದ ಕಾಪಿರೈಟ್ ನಿಮ್ಮದೇ. ಕೆಡವಿ ಹಾಳುಮಾಡುವುದಕ್ಕೂ ಕಾಪಿರೈಟ್ ಕಾಯ್ದೆಯ 57ನೇ ಕಲಂ ಅಡ್ಡ ಬರುತ್ತೆ: ದೆಹಲಿಯ ವಿಜ್ಞಾನ ಭವನದಿಂದ ಕಿತ್ತುಹಾಕಿದ್ದ ಶಿಲ್ಪಿ ಅಮರನಾಥ್ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು ಹಿಂದಿರುಗಿಸಿ 5 ಲಕ್ಷ ಪರಿಹಾರ ಕೊಡಲು ದೆಹಲಿ ಹೈಕೋರ್ಟ್ 2005ರಲ್ಲಿ ಹೇಳಿತು. ಆದರೂ ಜಾಗ ಬದಲಿಸುವ ಮುಂಚೆ ನಿಮಗೆ ತಿಳಿಸಬೇಕು ಅಂತ ಒಂದು ಸಾಲು ಸೇರಿಸಿ.

ಒಂದಡಿಯ ಮಾದರಿ ಹೇಗೂ ಮಾಡ್ತೀರಲ್ಲ, ಜನವರಿಯಲ್ಲಿ ಬೆಂಗಳೂರಲ್ಲಿ ನಡೆಯುವ ಕಲಾಕೃತಿಗಳ ಚಿತ್ರಸಂತೆಗೆ ಅಂಥವೇ ಸರಿ. ಕುಮಾರಕೃಪಾ ರಸ್ತೆಯ ಮಳಿಗೆಯಲ್ಲಿ ಹತ್ತಡಿ ನಿಲ್ಲಲ್ಲ.

ಕುಲುಮೆ:
ನಿಲ್ಲಿಸಿದ ಮೇಲೆ ಆರೈಕೆ?

ಬೆಸುಗೆ:
ಎರಡು–ಮೂರು ತಿಂಗಳಿಗೊಮ್ಮೆ ಸಿಹಿನೀರು, ಸೌಮ್ಯ ಸೋಪು, ಮೆತ್ತನೆ ಬಟ್ಟೆ. ಮಳೆ ತಾಗದ ರೆಕ್ಕೆಯಡಿಯೇ ಮೊದಲು ಕಲೆಯಾಗೋದು, ಅಲ್ಲಿ ಹೆಚ್ಚು ಉಜ್ಜಲಿ. ಬ್ಲೀಚ್, ಟಾಯ್ಲೆಟ್ ಆಸಿಡ್ ಮುಟ್ಟಿಸಬಾರದು ಅಂತ ತೋಟದವರಿಗೆ ಕನ್ನಡದಲ್ಲೇ ಬರೆದುಕೊಡಿ.